ಪೊರೆ ‘ಹಣ್ಣಾಗಲಿ’ ಎಂದು ಕಾಯುತ್ತಿದ್ದೀರಾ?

“ನಮ್ಮತ್ತೆಗೆ ಕಣ್ಣಿಗೆ ಪೊರೆ ಬಂದಿದೆ. ಇನ್ನೂ ಹಣ್ಣಾಗಿಲ್ವಂತೆ, ಆದ ಮೇಲೆ ತೆಗೆಸಿದರಾಯ್ತು ಅಂತ ಸುಮ್ಮನಿದ್ದೀವಿ.” ಈ ಮಾತು ಕೇಳಿಬರದ ಬೀದಿ ಇಲ್ಲ. ಪೊರೆ ಎಂದರೆ ಹಾಲಿನ ಮೇಲಿನ ಕೆನೆಯಂತೆ ಕಣ್ಣಿನ ಮೇಲೆ ಕಟ್ಟುವ ಪದರ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಕಣ್ಣಿನ ಒಳಗಿರುವ ಮಸೂರವೇ ಮಬ್ಬಾಗುವುದಕ್ಕೆ ಪೊರೆ ಎಂದು ಹೆಸರು.

ಈ ಮಸೂರ ಇರುವುದು ಕಣ್ಣಿನ ನಡುವಿನ ಕಪ್ಪು ಬೊಟ್ಟಿನ ಹಿಂದೆ. ಅಗಲ ಒಂದು ಸೆಂಟಿಮೀಟರಿಗೂ ತುಸು ಕಡಿಮೆ. ತೆಳುವಾದ ಚೀಲವೊಂದು ಅದನ್ನು ಮುಚ್ಚಿಕೊಂಡಿರುತ್ತದೆ; ಕೂದಲಿಗಿಂತ ನವಿರಾದ ಎಳೆಗಳು ಸುತ್ತಲೂ ಹಿಡಿದಿರುತ್ತವೆ. ಹತ್ತಿರದ್ದನ್ನು ನೋಡುವಾಗ ಮಸೂರ ಉಬ್ಬಬೇಕು. ನಲವತ್ತು ದಾಟಿತೆಂದರೆ ಅದು ಗಡುಸಾಗಿ ಉಬ್ಬಲಾರದು. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವ ಕಾಲ ಬರುವುದು ಹೀಗೆ.

ಮಸೂರದೊಳಗೆ ಈರುಳ್ಳಿಯಂತೆ ಪದರದ ಮೇಲೆ ಪದರ. ಆದರೆ ಈರುಳ್ಳಿಯಲ್ಲಿ ಹೊಸ ಪದರ ನಡುವೆ ಹುಟ್ಟಿದರೆ, ಇಲ್ಲಿ ಹೊರಗಡೆಯಿಂದ ಸೇರುತ್ತದೆ. ಹಳೆಯದು ಎಂದೂ ಉದುರುವುದಿಲ್ಲ. ಎಪ್ಪತ್ತರ ಅಜ್ಜಿಯ ಮಸೂರದ ನಡುವಿನ ತಿರುಳು ಆಕೆ ತಾಯಿಯ ಹೊಟ್ಟೆಯಲ್ಲಿದ್ದಾಗ ಆದದ್ದೇ! ಅಲ್ಲಿ ರಕ್ತನಾಳಗಳೂ ಇಲ್ಲ. ಹೀಗಾಗಿ ವರ್ಷ ವರ್ಷದ ಹಾನಿ ಕೂಡುತ್ತಲೇ ಹೋಗುತ್ತದೆ. ಮಸೂರದಲ್ಲಿ ಸುಮಾರು ಮೂರನೇ ಒಂದು ಪಾಲು ಪ್ರೋಟೀನು, ಉಳಿದದ್ದು ಬಹುಪಾಲು ನೀರು. ಆ ಪ್ರೋಟೀನು ಗಂಟು ಕಟ್ಟಿತೋ, ತಿಳಿ ಹೋಗಿ ಮಬ್ಬು ಬಂತು. ಮೊಟ್ಟೆಯ ಲೋಳೆ ಬೆಂದು ಬೆಳ್ಳಗಾಗುತ್ತದಲ್ಲ, ಹಾಗೆ. (ಮೊಟ್ಟೆ ಮುಟ್ಟದವರು ಪಕ್ಕದ ಮನೆಯವರನ್ನು ಕೇಳಿ ತಿಳಿಯಿರಿ.) ಬೆಂದದ್ದು ಮತ್ತೆ ಹಸಿಯಾದೀತೆ? ಅದಕ್ಕೇ ಪೊರೆ ಕರಗಿಸುತ್ತೇವೆಂದು ಮಾರುವ ಹನಿ, ಜೇನುತುಪ್ಪ, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ.

ವಯಸ್ಸು ನಮ್ಮ ಕೈಲಿಲ್ಲ. ಬಿಸಿಲು, ಬೀಡಿ-ಸಿಗರೇಟು, ಪೆಟ್ಟು (ಹುಡುಗರ ಚಿನ್ನಿದಾಂಡು, ಪಟಾಕಿ) ಇವೆಲ್ಲ ಮಸೂರಕ್ಕೆ ಶತ್ರುಗಳು. ಸಕ್ಕರೆ ಕಾಯಿಲೆಯಂತೂ ಹೇಳುವುದೇ ಬೇಡ. ರಕ್ತದಲ್ಲಿ ಏರಿದ ಸಕ್ಕರೆ ಮಸೂರದೊಳಕ್ಕೂ ಹೋಗಿ, ನೀರೆಳೆದು ಅದನ್ನು ಊದಿಸುತ್ತದೆ. ದೃಷ್ಟಿ ಇವತ್ತೊಂದು ಥರ, ನಾಳೆ ಇನ್ನೊಂದು ಥರ. ಸಕ್ಕರೆ ಹತೋಟಿಗೆ ಬರುವ ಮುಂಚೆ ಕನ್ನಡಕ ಮಾಡಿಸಿದರೆ ದುಡ್ಡು ದಂಡ.

ಇನ್ನೊಂದು ಶತ್ರು ನಮ್ಮ ಮನೆಯ ಬೀರುವಿನಲ್ಲೇ ಇರುತ್ತದೆ. ಮಗುವಿನ ಕಣ್ಣು ಕೆಂಪಾಗಿ ಕೆರೆದಾಗ ಡಾಕ್ಟರು ಕೊಟ್ಟ ಸ್ಟೀರಾಯ್ಡ್ ಹನಿ. ಆಗ ಚಟ್ಟನೆ ಗುಣವಾಯಿತೆಂದು ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತಂದು ಹಾಕುತ್ತೇವೆ. ಇದರಿಂದ ಚಿಕ್ಕ ವಯಸ್ಸಿನಲ್ಲೇ ಪೊರೆ ಬರಬಹುದು, ಕಣ್ಣಿನೊಳಗಿನ ಒತ್ತಡವೂ ಏರಬಹುದು. ಆದರೆ ಉಬ್ಬಸಕ್ಕೋ ಕೀಲುನೋವಿಗೋ ವೈದ್ಯರು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಅದೂ ಅಪಾಯ.

“ನಮ್ಮಮ್ಮ ಈಗ ಕನ್ನಡಕವಿಲ್ಲದೇ ಪೇಪರು ಓದ್ತಾರೆ” ಎಂದು ಹಿಗ್ಗುವವರಿದ್ದಾರೆ. ಮಸೂರದ ತಿರುಳು ಮಬ್ಬಾಗುತ್ತಾ ಗಟ್ಟಿಯಾದಾಗ ಕೆಲವು ಕಾಲ ಹತ್ತಿರದ್ದು ಚೆನ್ನಾಗಿ ಕಾಣುವುದುಂಟು. ಅದು ಪೊರೆಯ ಸೂಚನೆಯಾಗಿರಬಹುದು! ಬಿಳಿ ಸೀರೆ ಹಳದಿ ಬಣ್ಣಕ್ಕೆ ತಿರುಗಿದಂತೆ ಕಾಣುವುದು, ಎದುರು ಬಸ್ಸಿನ ದೀಪಕ್ಕೆ ಕಣ್ಣು ಕೋರೈಸುವುದು ಇನ್ನಷ್ಟು ಲಕ್ಷಣ.

ಈಗ ಹಣ್ಣಾಗುವ ಮಾತು. ಹಿಂದಿನ ಕಾಲದಲ್ಲಿ ಮಸೂರವನ್ನು ಇಡಿಯಾಗಿ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು, ಆಗ ಕಾಯಿಸುವುದಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಕೃತಕ ಮಸೂರವನ್ನು ಕಣ್ಣೊಳಗೆ ಕೂರಿಸಿದರು. ಯುದ್ಧದಲ್ಲಿ ವಿಮಾನ ಚಾಲಕರ ಕಣ್ಣಿಗೆ ಸಿಡಿದ ಪ್ಲಾಸ್ಟಿಕ್ ಚೂರುಗಳು ಕಣ್ಣನ್ನು ಕೆಡಿಸದೆ ಇದ್ದುದೇ ಅವರಿಗೆ ಸಿಕ್ಕ ಸುಳಿವು. ಈಗ ಮಬ್ಬನ್ನು ತೆಗೆದು, ಚೀಲವನ್ನು ಉಳಿಸಿ, ಅದರೊಳಗೇ ಹೊಸ ಮಸೂರ ಇಡುತ್ತಾರೆ. ಅಕ್ಕಿ ಆರಿಸುವುದಕ್ಕೆ, ಮೆಟ್ಟಿಲಿಳಿಯುವುದಕ್ಕೆ ತೊಂದರೆ ಆಗುತ್ತಿದೆಯೆಂದರೆ ಸಾಕು, ತೋರಿಸಿ. ತೀರಾ ಬಲಿತರೆ ಮಸೂರ ಊದಿಯೋ ಸೋರಿಯೋ ಕಣ್ಣಿನ ಒತ್ತಡ ಏರಿ, ನರವೇ ಹಾಳಾದೀತು. ಆಮೇಲೆ ಯಾವ ಆಪರೇಷನ್ನೂ ದೃಷ್ಟಿ ತಂದುಕೊಡದು. ಸರ್ಕಾರದ ಅಂಧತ್ವ ನಿವಾರಣಾ ಕಾರ್ಯಕ್ರಮ 1976ರಿಂದಲೂ ನಡೆದು ಬಂದಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಆಪರೇಷನ್ ಆಗಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರಿಗೆ ಮತ್ತೆ ಮಬ್ಬು ಕವಿಯುತ್ತದೆ. ಪೊರೆ ಮರಳಿ ಬಂತೆಂದು ಗಾಬರಿ ಬೇಡ. ಉಳಿಸಿದ ಚೀಲದ ಹಿಂಬದಿ ಮಸುಕಾಗಿರುತ್ತದೆ, ಅಷ್ಟೇ. ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಸರಿಮಾಡಿ ಅದೇ ದಿನ ಮನೆಗೆ ಕಳಿಸುತ್ತಾರೆ.