ಅಣ್ಣನ ಜೊತೆ ಏನು ಮಾತಾಡಲಿ?

ಪ್ರಶ್ನೆ: ನನಗೂ ಅಣ್ಣನಿಗೂ ಜಗಳವೇನಿಲ್ಲ. ಆದರೆ ಫೋನ್ ಮಾಡಿದರೆ ‘ಊಟ ಆಯ್ತಾ, ಅಮ್ಮನ ಮಾತ್ರೆ ತಂದ್ಯಾ’ ಅಲ್ಲಿಗೇ ಮುಗಿಯುತ್ತದೆ. ಹತ್ತಿರವಾಗುವುದು ಹೇಗೆ?

ಉತ್ತರ: ಆ ಎರಡು ಮಾತನ್ನು ಬಿಡಬೇಡಿ, ಅದರಲ್ಲೂ ಪ್ರೀತಿಯಿದೆ. ಮುಂದಕ್ಕೆ ಹೋಗಲು ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ದಾರಿಯಿದೆ. ಅಪರಿಚಿತರ ಜೋಡಿಗಳು 45 ನಿಮಿಷ, ಹಗುರವಾಗಿ ಶುರುವಾಗಿ ಆಳಕ್ಕಿಳಿಯುವ ಪ್ರಶ್ನೆಗಳಿಗೆ ಇಬ್ಬರೂ ಉತ್ತರಿಸುತ್ತಾ ಹೋದರು. ಬರೀ ಲೋಕಾಭಿರಾಮ ಮಾತಾಡಿದವರಿಗಿಂತ ಇವರಲ್ಲಿ ಹೆಚ್ಚು ಆಪ್ತತೆ ಮೂಡಿತು.

ಒಡಹುಟ್ಟಿದವರ ತೊಡಕೇ ಬೇರೆ. ಎಲ್ಲ ಗೊತ್ತಿದೆ ಎಂದುಕೊಂಡು ಕೇಳುವುದನ್ನೇ ನಿಲ್ಲಿಸಿಬಿಟ್ಟಿರುತ್ತೇವೆ. ಆದರೆ ನೀವು ಹುಟ್ಟುವ ಮೊದಲಿನ ಅಪ್ಪ ಅಮ್ಮನನ್ನು ಕಂಡವನು ನಿಮ್ಮಣ್ಣ. ಆಗ ಮನೆಯಲ್ಲಿ ದುಡ್ಡುಕಾಸು ಹೇಗಿತ್ತು, ಅಪ್ಪನ ಸಿಟ್ಟಿಗೆ ಅವನು ಹೆದರುತ್ತಿದ್ದನಾ, ದೊಡ್ಡವನೆಂಬ ಕಾರಣಕ್ಕೆ ಏನೇನು ಬಿಟ್ಟುಕೊಟ್ಟ, ಇವನ್ನೆಲ್ಲ ಕೇಳಿ. ಒಂದೇ ಸಲಕ್ಕಲ್ಲ. ಅವನ ನೆನಪು ನಿಮ್ಮದಕ್ಕೆ ಹೊಂದದಿದ್ದರೆ ತಿದ್ದಲು ಹೋಗಬೇಡಿ, ಒಂದೇ ಮನೆಯಲ್ಲಿ ಇಬ್ಬರ ಬಾಲ್ಯ ಬೇರೆಬೇರೆಯಾಗಿರುವುದು ಸಹಜ. ನಿಮ್ಮ ಭಯ, ನಿಮ್ಮ ಸೋಲುಗಳನ್ನೂ ಹೇಳಿಕೊಳ್ಳಿ. ಬರೀ ಪ್ರಶ್ನೆ ಹಾಕುತ್ತಾ ಹೋದರೆ ಅವನಿಗೆ ಪೊಲೀಸ್ ವಿಚಾರಣೆಯಂತೆ ಅನಿಸೀತು.

ಎದುರು ಕೂತು ಮನಸ್ಸು ಬಿಚ್ಚಲು ನಮ್ಮ ಗಂಡಸರಿಗೆ ಸಂಕೋಚ ಜಾಸ್ತಿ. ಊರಿಗೆ ಹೋಗುವ ಬಸ್ಸಿನಲ್ಲೋ, ಜೊತೆಯಾಗಿ ಅಟ್ಟ ಗುಡಿಸುವಾಗಲೋ ಮಾತು ತೆಗೆಯಿರಿ. ಆಸ್ತಿ ಪಾಲಿನ ವಿಷಯವೇನಾದರೂ ಇದ್ದರೆ ದಯವಿಟ್ಟು ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.