ಮೂಳೆಗಳು ಹೇಳುವ ನಂಟು

ಅಲೆಗಳ ನಡುವೆ ಈಜುವ ತಿಮಿಂಗಿಲವನ್ನು ಕಂಡವರು ಅದನ್ನು ಮೀನೆಂದು ಬಗೆಯುವುದು ಸಹಜ. ಅದರ ಮೈಕಟ್ಟು, ಈಜುರೆಕ್ಕೆ, ಬಾಲ ಎಲ್ಲವೂ ಮೀನಿನವೇ ಎಂಬಂತೆ ತೋರುತ್ತವೆ. ಆದರೆ ತೋರಿಕೆಯೆಲ್ಲವೂ ನಿಜವಲ್ಲ. ತಿಮಿಂಗಿಲವು ಶ್ವಾಸಕೋಶಗಳಿಂದ ಉಸಿರಾಡುತ್ತದೆ. ಮರಿ ಹಾಕಿ ಹಾಲೂಡಿಸುತ್ತದೆ. ಮೀನು ಬಾಲವನ್ನು ಎಡಬಲಕ್ಕೆ ಬೀಸಿದರೆ, ತಿಮಿಂಗಿಲವು ಮೇಲಕ್ಕೂ ಕೆಳಕ್ಕೂ ಬೀಸುತ್ತದೆ. ನಾಗಾಲೋಟದಲ್ಲಿ ಓಡುವ ಮೃಗದ ಬೆನ್ನು ಬಾಗುವುದೂ ಹೀಗೆಯೇ.

ತಿಮಿಂಗಿಲದ ಈಜುರೆಕ್ಕೆಯೊಳಗೆ ತೋಳು, ಮಣಿಕಟ್ಟು, ಬೆರಳುಗಳ ಮೂಳೆಗಳು ಅಡಗಿವೆ. ಮನುಷ್ಯನ ಕೈ, ಬಾವಲಿಯ ರೆಕ್ಕೆ, ಕುದುರೆಯ ಮುಂಗಾಲು ಇವುಗಳಲ್ಲಿಯೂ ಮೂಳೆಗಳ ಜೋಡಣೆ ಮೂಲತಃ ಒಂದೇ. ಒಂದು ಈಜುತ್ತದೆ, ಒಂದು ಹಾರುತ್ತದೆ, ಒಂದು ಓಡುತ್ತದೆ. ಆದರೂ ಕಟ್ಟಡ ಬೇರೆಯಾಗಿಲ್ಲ. ಇವೆಲ್ಲವೂ ಒಂದೇ ಪೂರ್ವಜ ಸಂತತಿಯಿಂದ ಕವಲೊಡೆದು ಬಂದುದೇ ಇದಕ್ಕೆ ಕಾರಣವೆಂದು ಚಾರ್ಲ್ಸ್ ಡಾರ್ವಿನನು 1859ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು.

ಹಾಗಾದರೆ ನೆಲದ ಮೇಲೆ ತಿಮಿಂಗಿಲದ ನಂಟರು ಯಾರು? ಈ ಪ್ರಶ್ನೆಗೆ ಬೆಳಕು ದೊರೆತುದು ಭಾರತ ಮತ್ತು ಪಾಕಿಸ್ತಾನಗಳ ಕಲ್ಲುಗಳಿಂದ. ಪಾಕಿಸ್ತಾನದಲ್ಲಿ ದೊರೆತ, ಸುಮಾರು ಐದು ಕೋಟಿ ವರ್ಷಗಳ ಹಿಂದಿನ ತಿಮಿಂಗಿಲಗಳ ಪಳೆಯುಳಿಕೆಗಳಲ್ಲಿ ಹಿಂಗಾಲುಗಳಿದ್ದವು! ಅವುಗಳ ಹರಡಿನ ಮೂಳೆಯು ಎರಡು ತುದಿಗಳಲ್ಲಿಯೂ ರಾಟೆಯಂತಿದ್ದುದು 2001ರಲ್ಲಿ ತಿಳಿದುಬಂದಿತು. ಇಂತಹ ಮೂಳೆಯಿರುವುದು ಜಿಂಕೆ, ಹಸು, ನೀರ್ಗುದುರೆಗಳಂತಹ ಸಮಗೊರಸಿನ ಪ್ರಾಣಿಗಳಿಗೆ ಮಾತ್ರ.

ಭಾರತದ ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮು ಪ್ರಾಂತ್ಯದ ಕಾಲಾಕೋಟ್ ಬಳಿ ಪಳೆಯುಳಿಕೆಗಳುಳ್ಳ ಕಲ್ಲುಗಳನ್ನು ಸಂಗ್ರಹಿಸಿದ್ದರು. ಅವುಗಳಲ್ಲಿ ಅನೇಕವನ್ನು ಬಿಡಿಸಿ ನೋಡುವ ಮೊದಲೇ ಅವರು ತೀರಿಕೊಂಡರು. ಅವರ ಪತ್ನಿ ಆ ಕಲ್ಲುಗಳನ್ನು ಹಾನ್ಸ್ ಥೆವಿಸ್ಸನ್ ಎಂಬ ವಿಜ್ಞಾನಿಗೆ ಒಪ್ಪಿಸಿದರು. ಕಲ್ಲಿನಿಂದ ಬಿಡಿಸುವಾಗ ಒಂದು ತಲೆಬುರುಡೆಯು ಆಕಸ್ಮಿಕವಾಗಿ ಒಡೆಯಿತು. ಒಳಗೆ ಕಂಡುದು ಕಿವಿಯ ಮೂಳೆಯ ದಪ್ಪನೆಯ ಗೋಡೆ. ಅದುವರೆಗೆ ತಿಮಿಂಗಿಲಗಳ ಕುಲಕ್ಕೆ ಮಾತ್ರ ಸೇರಿದುದೆಂದು ತಿಳಿದಿದ್ದ ಲಕ್ಷಣವದು! ಆದರೆ ಆ ಪ್ರಾಣಿಯು ಜಿಂಕೆಯನ್ನು ಹೋಲುವ, ಬೆಕ್ಕಿನಷ್ಟು ದೊಡ್ಡದಾದ, ಗೊರಸುಳ್ಳ ಇಂಡೋಹಯಸ್. ಅದರ ಭಾರವಾದ ಮೂಳೆಗಳು ಅದು ನೀರಿನಲ್ಲಿ ಓಡಾಡುತ್ತಿದ್ದುದನ್ನು ಸೂಚಿಸಿದವು. 2007ರಲ್ಲಿ ಈ ಸಂಗತಿ ಪ್ರಕಟವಾಯಿತು. ಇಂಡೋಹಯಸ್ ತಿಮಿಂಗಿಲದ ನೇರ ಪೂರ್ವಜನಲ್ಲ. ಆ ಪೂರ್ವಜರ ನಿಕಟ ಬಂಧು.

ಇಂದು ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲದ ಕುಲಕ್ಕೆ ಅತ್ಯಂತ ಹತ್ತಿರವಾದುದು ನೀರ್ಗುದುರೆ. ಡಿಎನ್‌ಎ ಪರೀಕ್ಷೆಯೂ ಇದನ್ನೇ ಸಾರುತ್ತದೆ. ಹೊರರೂಪವು ಬದುಕುವ ಪರಿಸರಕ್ಕೆ ತಕ್ಕಂತೆ ಮಾರ್ಪಡುತ್ತದೆ. ಒಳಗಿನ ಮೂಳೆಗಳು ಮಾತ್ರ ಹಳೆಯ ಮನೆತನದ ಗುರುತನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೊಟ್ಟಿಗೆಯ ಹಸುವಿಗೂ ಕಡಲಿನ ತಿಮಿಂಗಿಲಕ್ಕೂ ಒಂದು ಕಾಲದಲ್ಲಿ ಒಂದೇ ಮನೆಯಿತ್ತು.