ಬೆಂಗಳೂರಿಗೆ ಬಾಗಿಲು ತೆರೆದ ಕೈ, ಮುಚ್ಚಿದ ಕೈ

ಅಕ್ಟೋಬರ್ 2000. ನುರಿತ ವಿದೇಶಿ ಕೆಲಸಗಾರರಿಗೆ ಕೊಡುವ ಎಚ್-1ಬಿ ವೀಸಾಗಳ ವಾರ್ಷಿಕ ಮಿತಿಯನ್ನು 1,95,000ಕ್ಕೆ ಏರಿಸುವ ಮಸೂದೆಯನ್ನು ಅಮೆರಿಕದ ಸೆನೆಟ್‌ನಲ್ಲಿ ವಿರೋಧಿಸಿದ್ದು ಒಬ್ಬರೇ ಸದಸ್ಯರು. ಆಗ ಅಲ್ಲಿ ನಿರುದ್ಯೋಗ ಶೇ 4ರ ಆಸುಪಾಸಿನಲ್ಲಿತ್ತು. ಬೆಂಗಳೂರಿನ ಎಂಜಿನಿಯರುಗಳು ಎಷ್ಟು ಮಂದಿ ಹೋದರೂ ಅಲ್ಲಿನ ಕಂಪನಿಗಳಿಗೆ ಸಾಲುತ್ತಿರಲಿಲ್ಲ.

ಇಂಟರ್ನೆಟ್ ಕಂಪನಿಗಳ ಷೇರುಗಳ ಉಬ್ಬರ, ಅಂದರೆ ಡಾಟ್‌ಕಾಂ ಗುಳ್ಳೆ, ಒಡೆಯಿತು. 2003ರ ಜೂನ್ ಹೊತ್ತಿಗೆ ನಿರುದ್ಯೋಗ ಶೇ 6.3ಕ್ಕೇರಿತು. ಅದೇ ವರ್ಷ ಏರಿಸಿದ ಮಿತಿಯ ಅವಧಿ ಮುಗಿದಾಗ ಅದನ್ನು ಮುಂದುವರಿಸುವ ಮನಸ್ಸು ಅಮೆರಿಕದ ಸಂಸತ್ತಿಗೆ ಇರಲಿಲ್ಲ. ಮಿತಿ 65,000ಕ್ಕೆ ಮರಳಿತು. ನ್ಯೂಜೆರ್ಸಿಯ ಬಡವರ ನೆರವಿನ ಸಹಾಯವಾಣಿಗೆ ಮುಂಬೈಯಿಂದ ಉತ್ತರ ಬರುತ್ತಿದೆ ಎಂಬ ಸುದ್ದಿ ಹಬ್ಬಿದ ಮೇಲೆ, ಸರ್ಕಾರಿ ಗುತ್ತಿಗೆಯ ಕೆಲಸ ಹೊರದೇಶಕ್ಕೆ ಹೋಗದಂತೆ ತಡೆಯುವ ಮಸೂದೆಗೆ ಆ ರಾಜ್ಯದ ಸೆನೆಟ್ 2002ರಲ್ಲೇ ಒಮ್ಮತದ ಒಪ್ಪಿಗೆ ಕೊಟ್ಟಿತ್ತು. 2004ರಲ್ಲಿ ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹೆಗಾರ ಗ್ರೆಗರಿ ಮ್ಯಾಂಕಿವ್, ಹೊರಗುತ್ತಿಗೆಯಿಂದ ಕೊನೆಗೆ ದೇಶಕ್ಕೆ ಲಾಭವೇ ಎಂದಾಗ ಸ್ವಪಕ್ಷದವರೇ ಹರಿಹಾಯ್ದರು. ಅದು ಚುನಾವಣೆಯ ವರ್ಷ.

2009ರ ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ 10 ಮುಟ್ಟಿತು. ಮರುವರ್ಷ, ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವೀಸಾದ ಮೇಲಿರುವ ಕಂಪನಿಗಳ ಹೊಸ ಎಚ್-1ಬಿ ಅರ್ಜಿಗೆ 2,000 ಡಾಲರ್ ಹೆಚ್ಚುವರಿ ಶುಲ್ಕ ಬಿತ್ತು. ಪೆಟ್ಟು ತಿಂದಿದ್ದು ಮುಖ್ಯವಾಗಿ ಭಾರತದ ಐಟಿ ಕಂಪನಿಗಳು.

ಸಂಕಟಕಾಲದ ಈ ಕ್ರಮ ಸುಭಿಕ್ಷ ಬಂದ ಮೇಲೂ ಹೋಗಲಿಲ್ಲ. 2015ರಲ್ಲಿ ನಿರುದ್ಯೋಗ ಶೇ 5ಕ್ಕೆ ಇಳಿದಿದ್ದರೂ ಶುಲ್ಕ 4,000 ಡಾಲರಿಗೇರಿತು. 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿ ವೀಸಾದಲ್ಲಿ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವ ಕಂಪನಿಗಳಿಗೆ 1,00,000 ಡಾಲರ್ ಶುಲ್ಕ ಘೋಷಣೆಯಾದಾಗಲೂ ನಿರುದ್ಯೋಗ ಶೇ 5ರ ಒಳಗೇ ಇತ್ತು. ಹಿಂಜರಿತದಲ್ಲಿ ಹುಟ್ಟಿದ ಭಯ ಅಷ್ಟರೊಳಗೆ ರಾಜಕೀಯದಲ್ಲಿ ಬೇರು ಬಿಟ್ಟಿತ್ತು.

ಈ ಬೇರು ಆಳಕ್ಕಿಳಿಯಲು ಇನ್ನೊಂದು ಕಾರಣವೂ ಇದೆ. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ನೆರವು, ಮರುತರಬೇತಿ ಕೊಡುವ ಯೋಜನೆ ಅಮೆರಿಕದಲ್ಲಿ 1962ರಿಂದಲೇ ಇತ್ತು. ಆದರೆ ಅದು ಸರಕು ತಯಾರಿಸುವವರಿಗೆ ಮಾತ್ರ; ಸಾಫ್ಟ್‌ವೇರ್ ‘ಸರಕು’ ಅಲ್ಲ ಎಂದು ಹೇಳಿ ಅಧಿಕಾರಿಗಳು ಕೆಲಸ ಹೋದ ಪ್ರೋಗ್ರಾಮರ್‌ಗಳನ್ನು ಬರಿಗೈಲಿ ಕಳಿಸಿದರು. ಸೇವಾವಲಯವನ್ನು ಯೋಜನೆಗೆ ಸೇರಿಸಿದ್ದು 2009ರಲ್ಲಿ. 2022ರಲ್ಲಿ ಯೋಜನೆಯ ಅವಧಿಯೇ ಮುಗಿದುಹೋಯಿತು.

ಕೆಲಸ ಹೋದವನ ಸಿಟ್ಟು ಸುಳ್ಳಲ್ಲ. ಅವನ ಕೈಹಿಡಿಯಬೇಕಾದ ಸರ್ಕಾರ ಬೆಂಗಳೂರಿನತ್ತ ಬೊಟ್ಟು ಮಾಡಿದ್ದು ಅನ್ಯಾಯ. ನಾಳೆ ನಮ್ಮಲ್ಲೂ ಐಟಿ ಕೆಲಸಗಳು ಕರಗಿದರೆ ಇದೇ ಸಿಟ್ಟು ಬೇರೊಬ್ಬರತ್ತ ತಿರುಗೀತು. ಮುಕ್ತ ವ್ಯಾಪಾರ ಬಯಸುವವರು ಅದರಿಂದ ನಷ್ಟಕ್ಕೊಳಗಾದವರ ಹೊಣೆಯನ್ನೂ ಮೊದಲೇ ಹೊರಬೇಕು.